ಆಚೆ ದಡದ ಕೇಳುಗರು

ನಮ್ಮೂರಿನಲ್ಲಿ ಸಂಜೆಗಾಳಿ ಎದ್ದಮೇಲೆ ಯಾರೂ ಮಾತಾಡುವುದಿಲ್ಲ. ಮಾತಾಡಿ ಪ್ರಯೋಜನವೂ ಇಲ್ಲ. ಬಾಯಿಂದ ಹೊರಬಿದ್ದ ದನಿಯನ್ನು ಗಾಳಿ ಹಾಗೇ ಎತ್ತಿಕೊಂಡು ಹೊಳೆಯ ಆಚೆ ದಡಕ್ಕೆ ಒಯ್ದುಬಿಡುತ್ತದೆ. ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ, ಆಡಿದವರಿಗೂ ಕೇಳುವುದಿಲ್ಲ. ಮಳೆಗಾಲ ಬಿಟ್ಟರೆ ದಿನವೂ ಇದೇ. ಬಿಸಿಲು ಇಳಿಯುವಾಗ ಶುರುವಾದರೆ ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ತರಕಾರಿಯವರು ಬೆರಳು ತೋರಿಸಿ ವ್ಯಾಪಾರ ಮಾಡುತ್ತಾರೆ. ಶಾಲೆಯಲ್ಲಿ ಕೊನೆಯ ಪೀರಿಯಡ್ಡು ಬರೆಯುವ ಲೆಕ್ಕಕ್ಕೆ ಮೀಸಲು. ದೇವಸ್ಥಾನದಲ್ಲಿ ಗಂಟೆ ಅಲ್ಲಾಡುವುದು ಇಲ್ಲಿ, ಅದನ್ನು ಕೇಳಿ ಕೈಮುಗಿಯುವವರು ಅಲ್ಲಿ. ಹೊಸದಾಗಿ ಬಂದ ಸೊಸೆಗೆ ಅತ್ತೆ ಮೊದಲು ಹೇಳಿಕೊಡುವ ಮಾತೇ, ಏನಾದರೂ ಜಗಳ ಇದ್ದರೆ ಮಧ್ಯಾಹ್ನದೊಳಗೆ ಮುಗಿಸಿಕೊಂಡುಬಿಡಮ್ಮ ಅಂತ. ಇದೇ ಕಾರಣಕ್ಕೆ ಆಚೆ ದಡದವರ ಜೊತೆ ನಮ್ಮವರು ಸಂಬಂಧ ಬೆಳೆಸಿದ್ದು ಕಡಿಮೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತ, ಹೋದ ಬೇಸಗೆಯಲ್ಲಿ ನಿಮ್ಮ ಮೈದುನ ಪಾಲು ಕೇಳಿ ಬಹಳ ಕೂಗಾಡಿದ್ದರಲ್ಲ, ಅದೇನಾಯಿತು ಎಂದು ವಿಚಾರಿಸಿದರೆ ಯಾರಿಗೆ ತಾನೇ ಮುಜುಗರವಾಗುವುದಿಲ್ಲ?

ಆಚೆ ದಡ ಕಣ್ಣಿಗೆ ಕಾಣುವುದಿಲ್ಲ. ಹೊಳೆ ಅಷ್ಟು ಅಗಲ. ಸೆಳವು ಜಾಸ್ತಿಯಾದ್ದರಿಂದ ದೋಣಿ ಇಳಿಸುವಂತಿಲ್ಲ. ಮೇಲಿನ ಸೇತುವೆ ಸುತ್ತಿಕೊಂಡು ಬಸ್ಸಿನಲ್ಲಿ ಹೋದರೆ ಬೆಳಗ್ಗೆ ಹೊರಟವರು ಹಗಲು ಮುಗಿಯುವ ಹೊತ್ತಿಗೆ ಅಲ್ಲಿ ಇಳಿಯುತ್ತಾರೆ. ಅಲ್ಲಿಂದ ಇಲ್ಲಿಗೆ ಬೀಸುವ ಗಾಳಿ ಇಲ್ಲವೇ ಇಲ್ಲ. ನಮ್ಮದೆಲ್ಲ ಅವರಿಗೆ ಗೊತ್ತು, ಅವರದು ನಮಗೆ ಗೊತ್ತಿಲ್ಲ.

ಇಂಥ ಊರಿನಲ್ಲಿ ಜಯಶೀಲರು ಟ್ರಾಂಬೋನ್ ನುಡಿಸಿಕೊಂಡು ಬದುಕಿದರು. ನಾನು ದರ್ಜಿ. ನನ್ನ ಮನೆ, ಮನೆಯ ಮುಂದಿನ ಅಂಗಡಿ ಎರಡೂ ಅವರ ಗೋಡೆಗೆ ಅಂಟಿಕೊಂಡೇ ಇದ್ದವು. ಅವರ ಕೋಟುಗಳನ್ನೆಲ್ಲ ಹೊಲಿದವನು ನಾನೇ. ಬಲತೋಳು ಎಡಕ್ಕಿಂತ ಒಂದು ಬೆರಳು ಉದ್ದ ಇಡಬೇಕಾಗುತ್ತಿತ್ತು. ಆ ವಾದ್ಯದ ಕೊಳವೆಯನ್ನು ಮುಂದಕ್ಕೆ ನೂಕಿ ಹಿಂದಕ್ಕೆ ಎಳೆದು ಅವರ ಬಲಭುಜವೇ ಸ್ವಲ್ಪ ಮುಂದೆ ಬಂದುಬಿಟ್ಟಿತ್ತು. ಅವರು ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು ಹೇಳಿದ್ದು, ನಾನು ಕಣ್ಣಾರೆ ಕಂಡದ್ದು, ನನ್ನ ಹೆಂಡತಿ ರುಕ್ಮಾಬಾಯಿಗೆ ಗೊತ್ತಿದ್ದದ್ದು ಎಲ್ಲ ಸೇರಿ ಈ ಕಥೆ.

ಅವರ ತಂದೆ ಮಿಷನ್ ಚರ್ಚಿನ ಹಿತ್ತಾಳೆ ವಾದ್ಯದ ಮೇಳದಲ್ಲಿದ್ದವರು. ಮಗನ ಕೈ ಕೊಳವೆಯ ತುದಿಗೆ ಎಟುಕುವ ಮುಂಚೆಯೇ ಟ್ರಾಂಬೋನ್ ಕಲಿಸಿದರು. ಭಾನುವಾರ ಬೆಳಗ್ಗೆ ಕೀರ್ತನೆಗಳಿಗೆ ಉದ್ದುದ್ದ ಸ್ವರ ಹಿಡಿಯುವುದು, ಅಷ್ಟೇ ಕೆಲಸ. ಆಮೇಲೆ ಯಾವಾಗಲೋ, ಊರು ಬಿಟ್ಟು ಹೋದ ಒಬ್ಬ ವಿದೇಶಿ ಪಾದ್ರಿಯ ಗ್ರಾಮಫೋನು, ಜೊತೆಗೆ ಒಂದಿಷ್ಟು ಪ್ಲೇಟುಗಳು ಪಾದ್ರಿ ಮನೆಯಲ್ಲೇ ಉಳಿದವು. ಅದರಲ್ಲಿ ಜಾಝ್ ಸಂಗೀತವಿತ್ತು. ಅದನ್ನು ಮೊದಲ ಸಲ ಕೇಳಿದ ದಿನ ತನಗೆ ನಾಚಿಕೆಯಾಯಿತು ಎಂದು ಜಯಶೀಲರು ನನ್ನೊಡನೆ ಹೇಳಿದ್ದರು. ಚರ್ಚಿನಲ್ಲಿ ಕೈಕಟ್ಟಿ ನಿಂತಿರುತ್ತಿದ್ದ ಅದೇ ವಾದ್ಯ ಇಲ್ಲಿ ಬೀದಿಗಿಳಿದು ನಗುತ್ತಿತ್ತು, ಗೊಣಗುತ್ತಿತ್ತು, ಯಾರನ್ನೋ ಕರೆಯುತ್ತಿತ್ತು. ನಮ್ಮ ಮನೆಯ ಸಾಧು ಹಸು ಪೇಟೆಯಲ್ಲಿ ಕುಣಿಯುವುದನ್ನು ಕಂಡ ಹಾಗಾಯಿತು ಎಂದಿದ್ದರು.

ಮೀಸೆ ಬಲಿಯುವ ಹೊತ್ತಿಗೆ ಅವರು ಬಂದರಿನ ಊರಿಗೆ ಹೋಗಿ ದೊಡ್ಡ ಹೋಟೆಲೊಂದರ ಬ್ಯಾಂಡು ಸೇರಿದರು. ಬ್ಯಾಂಡಿನ ಯಜಮಾನ ನೊರೋನ್ಹಾ ಎಂಬಾತ. ಆತ ಹೇಳಿಕೊಟ್ಟ ಜಾಝ್ ಇಷ್ಟೇ: ಮೊದಲು ಎಲ್ಲರೂ ಸೇರಿ ಒಂದು ಹಾಡು ನುಡಿಸುವುದು, ಆಮೇಲೆ ಒಬ್ಬೊಬ್ಬರೇ ಎದ್ದುನಿಂತು, ಅದೇ ಹಾಡನ್ನು ಹಿಡಿದುಕೊಂಡು, ಆ ಗಳಿಗೆಯಲ್ಲಿ ತಮಗೆ ಏನು ತೋಚುತ್ತದೋ ಅದನ್ನು ಹೇಳುವುದು. ಹಾಡು ಎಲ್ಲರದು, ಸರದಿ ನಿನ್ನದು ಎನ್ನುತ್ತಿದ್ದನಂತೆ. ಜಯಶೀಲರ ಸರದಿ ಬಂದಾಗ ಊಟ ಮಾಡುತ್ತಿದ್ದವರು ಚಮಚ ಕೆಳಗಿಡುತ್ತಿದ್ದರು ಎಂದು ಆ ಹೋಟೆಲಿನ ಒಬ್ಬ ಮಾಣಿ ಮುಂದೆ ನನಗೆ ಹೇಳಿದ್ದುಂಟು.

ಆ ಹೊತ್ತಿಗೆ ಮದುವೆಯಾಗಿತ್ತು. ಹೆಂಡತಿ ಲಿಡಿಯಮ್ಮ ನಮ್ಮೂರಿನ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಕೆಲಸ ಬಿಟ್ಟು ಹೋಗುವಂತಿರಲಿಲ್ಲ, ಅತ್ತೆಯನ್ನೂ ನೋಡಿಕೊಳ್ಳಬೇಕಿತ್ತು. ಹೋಟೆಲು ಖಾಲಿ ಹೊಡೆಯುವ ಮಳೆಗಾಲದಲ್ಲಿ ಮಾತ್ರ ಜಯಶೀಲರು ಊರಿಗೆ ಬರುತ್ತಿದ್ದರು. ಲಿಡಿಯಮ್ಮನದು ಮಿತವಾದ ಮಾತು, ಇದ್ದದ್ದನ್ನು ಇದ್ದಹಾಗೆ ಹೇಳುವ ಸ್ವಭಾವ. ಗಾಳಿಹೊತ್ತಿನಲ್ಲಿ ಹುಟ್ಟಿದ ಕೂಸು ಅಳುತ್ತಿದೆಯೋ ಇಲ್ಲವೋ ಎಂಬುದನ್ನು ಅದರ ತುಟಿ, ಕೆನ್ನೆ, ಹೊಟ್ಟೆ ನೋಡಿಯೇ ತಿಳಿಯಬೇಕು. ಮೊದಲ ಅಳು ಕೇಳುವ ಭಾಗ್ಯ ಆಚೆ ದಡದವರದು. ಹಾಗೆ ನೋಡಿ ನೋಡಿ ಆಕೆಯ ಕಣ್ಣು ಬಹಳ ಚುರುಕಾಗಿತ್ತು.

ಒಂದು ಸಲ ಆಕೆ ರಜೆ ಹಾಕಿ ಗಂಡನ ವಾದ್ಯ ಕೇಳಲೆಂದೇ ಬಂದರಿನ ಊರಿಗೆ ಹೋದರು. ನಾನೇ ಹೊಸ ರವಿಕೆ ಹೊಲಿದುಕೊಟ್ಟಿದ್ದೆ. ಕೆಲಸಗಾರರ ಮನೆಯವರನ್ನು ಹೋಟೆಲಿನ ಹಜಾರಕ್ಕೆ ಬಿಡುತ್ತಿರಲಿಲ್ಲ. ಆಕೆ ಅಡಿಗೆಮನೆಯ ಪಕ್ಕದ ಮೆಟ್ಟಿಲ ಮೇಲೆ ನಿಂತುಕೊಂಡರು. ಮಾಣಿಗಳು ತಟ್ಟೆ ಹಿಡಿದು ಓಡಾಡುವಾಗೆಲ್ಲ ತಿರುಗುಬಾಗಿಲು ತೆರೆಯುವುದು, ಒಂದು ಚೂರು ಸಂಗೀತ ಕೇಳುವುದು, ಬಾಗಿಲು ಮುಚ್ಚುವುದು. ಹೀಗೆ ಚೂರುಚೂರಾಗಿ ಕೇಳಿದರು. ಅಂದು ಜಯಶೀಲರು ತಮ್ಮ ಜೀವಮಾನದಲ್ಲೇ ಚೆನ್ನಾಗಿ ನುಡಿಸಿದ್ದರಂತೆ. ನೊರೋನ್ಹಾ ಎದ್ದುಬಂದು ಅಪ್ಪಿಕೊಂಡಿದ್ದನಂತೆ. ಮರುದಿನ ಬೆಳಗ್ಗೆ ಹೆಂಡತಿಯನ್ನು, ಹೇಗಿತ್ತು ಎಂದು ಕೇಳಿದರು.

"ಬಾಗಿಲು ತೆರೆದಾಗ ಕೇಳಿಸ್ತು, ಮುಚ್ಚಿದಾಗ ಇಲ್ಲ," ಎಂದರು ಲಿಡಿಯಮ್ಮ.

ಅವರ ಮಟ್ಟಿಗೆ ಅದು ನಡೆದ ಸಂಗತಿ. ಜಯಶೀಲರಿಗೆ ಅದು ಎದೆಗೆ ನಾಟಿತು. ಇವಳಿಗೆ ಆ ಕಿವಿಯಿಲ್ಲ ಎಂದು ಅಂದೇ ತೀರ್ಮಾನಿಸಿಬಿಟ್ಟರು. ಮನೆಯಲ್ಲಿ ಅವರು ಆ ಹಾಡುಗಳನ್ನು ನುಡಿಸಿದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಬೆಳಗ್ಗೆ ಎದ್ದು ಒಂದೊಂದೇ ಸ್ವರವನ್ನು ಉದ್ದಕ್ಕೆ ಹಿಡಿದು ಸಾಧನೆ ಮಾಡುವುದು, ಒರೆಸಿ ಪೆಟ್ಟಿಗೆಯಲ್ಲಿಡುವುದು. ಲಿಡಿಯಮ್ಮ ಒಂದೆರಡು ಸಲ, ಮನೆಯಲ್ಲೂ ಒಂದು ಹಾಡು ನುಡಿಸಿ ಎಂದು ಕೇಳಿದ್ದು ನಮ್ಮ ಗೋಡೆಯ ಈಚೆಗೂ ಕೇಳಿಸಿತ್ತು. ಅದು ನಿನಗೆ ಹಿಡಿಸೋಲ್ಲ ಬಿಡು ಎಂಬ ಉತ್ತರವೂ ಕೇಳಿಸಿತ್ತು. ಸಿಟ್ಟಿನ ದನಿಯಲ್ಲ, ಉಣ್ಣದವರ ಎಲೆಗೆ ಬಡಿಸಿ ಯಾಕೆ ಕೆಡಿಸಬೇಕು ಎನ್ನುವ ದನಿ.

ಹೋಟೆಲಿನವರು ಕೊನೆಗೊಂದು ದಿನ ಹಾಡಿನ ಯಂತ್ರ ತಂದು ಮೂಲೆಯಲ್ಲಿಟ್ಟು ಬ್ಯಾಂಡಿನವರನ್ನು ಮನೆಗೆ ಕಳಿಸಿದರು. ಜಯಶೀಲರು ಊರಿಗೆ ಬಂದರು. ಚರ್ಚಿನ ಮೇಳಕ್ಕೆ ಮತ್ತೆ ಸೇರಿದರು. ಕೀರ್ತನೆಗಳಿಗೆ ಬಾಲ ಕೊಂಬು ಹಚ್ಚಬೇಡಿ ಎಂದು ಹಿರಿಯರು ಹೇಳಿದರು. ಮದುವೆಯ ಬ್ಯಾಂಡಿಗೆ ಹೋದರು. ಸಿನಿಮಾದಲ್ಲಿ ಹೇಗಿದೆಯೋ ಹಾಗೇ ಬರಬೇಕು ಮಾಸ್ತರೇ, ಜನ ಗುರುತು ಹಿಡಿಯಬೇಕಲ್ಲ ಎಂದು ಬ್ಯಾಂಡಿನವರು ಹೇಳಿದರು. ಇಬ್ಬರ ಮಾತಿನಲ್ಲೂ ತಪ್ಪೇನಿರಲಿಲ್ಲ. ಆದರೆ ಸರದಿ ಬಂದಾಗ ತನ್ನ ಮಾತು ಹೇಳಿ ರೂಢಿಯಾದ ಮನುಷ್ಯ ಎಷ್ಟು ದಿನ ಸುಮ್ಮನಿದ್ದಾನು? ಒಂದು ಸಂಜೆ ಹೊಳೆಗೆ ಇಳಿಯುವ ಮೆಟ್ಟಿಲ ಪಾವಟಿಗೆಗೆ ಹೋಗಿ ನಿಂತು, ಗಾಳಿ ಎದ್ದದ್ದೇ ತಡ, ಉಸಿರು ಎಳೆದು ಊದಿಬಿಟ್ಟರು. ಯಾರಿಗೂ ಕೇಳಲಿಲ್ಲ. ಅವರಿಗೂ ಕೇಳಲಿಲ್ಲ. ಯಾರಿಗೂ ತೊಂದರೆಯಿಲ್ಲ ಅಂದುಕೊಂಡು ಮರುದಿನವೂ ಹೋದರು.

ತನ್ನ ಕಿವಿಗೇ ಬೀಳದ ಸಂಗೀತವನ್ನು ನುಡಿಸುವುದು ಹೇಗೆ ಎಂದು ನಾನು ಕೇಳಿದ್ದೆ. ತುಟಿ ಅದುರುವುದು ಗೊತ್ತಾಗುತ್ತದೆ, ಕೈ ಎಲ್ಲಿ ನಿಂತಿದೆ ಅನ್ನುವುದು ಗೊತ್ತಾಗುತ್ತದೆ, ಉಳಿದದ್ದನ್ನು ಮನಸ್ಸಿನಲ್ಲಿ ಕೇಳಿಕೊಳ್ಳುವುದು ಎಂದರು. ಆಸ್ಪತ್ರೆಯಿಂದ ಬರುವಾಗ ಲಿಡಿಯಮ್ಮನೂ ಅಲ್ಲಿಗೆ ಬರತೊಡಗಿದರು. ಎರಡು ಮೆಟ್ಟಿಲು ಕೆಳಗೆ, ಗಂಡನಿಗೆ ಎದುರಾಗಿ, ಹೊಳೆಗೆ ಬೆನ್ನುಹಾಕಿ, ಟವೆಲು ಹಾಸಿಕೊಂಡು ಕೂರುವರು. ಗಾಳಿ ನಿಲ್ಲುವವರೆಗೂ ಅವರ ಮುಖವನ್ನೇ ನೋಡುವರು. ಕಿವುಡರ ಕಚೇರಿ ಅಂತ ನಮ್ಮೂರಿನ ಜನ ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ಅದೇ ವರ್ಷ ಆಚೆ ದಡದಿಂದ ಹಂಪಣ್ಣ ಎಂಬ ಬೆಲ್ಲದ ವ್ಯಾಪಾರಿ ಅಂಗಿ ಹೊಲಿಸಲು ನನ್ನ ಅಂಗಡಿಗೆ ಬಂದರು. ಅಳತೆ ಕೊಡುತ್ತ ಕೊಡುತ್ತ, ನಿಮ್ಮೂರಲ್ಲಿ ಸಂಜೆ ಊದುತ್ತಾರಲ್ಲ, ಅವರು ಯಾರು ಎಂದು ಕೇಳಿದರು. ಯಾಕೆ, ತೊಂದರೆಯಾಯಿತೇ ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ತಮ್ಮೂರಿನಲ್ಲಿ ಸಂಜೆಯಾದರೆ ಎಲ್ಲರೂ ಅಂಗಡಿ ಬಾಗಿಲು ಓರೆ ಮಾಡಿ ಹೊಳೆದಂಡೆಗೆ ಹೋಗುತ್ತಾರೆ, ಹಾಸಿಗೆ ಹಿಡಿದ ಮುದುಕರನ್ನೂ ಮಂಚದ ಸಮೇತ ಕಿಟಕಿಯ ಹತ್ತಿರ ಎಳೆಯುತ್ತಾರೆ ಎಂದರು. ಇದು ಏನು ಸಂಗೀತವೋ ತನಗೆ ತಿಳಿಯದು, ಆದರೆ ತೀರಿಕೊಂಡ ತನ್ನ ಅಣ್ಣ ಜಗಲಿಯಲ್ಲಿ ಕೂತು ಯಾರನ್ನೋ ತಮಾಷೆ ಮಾಡುತ್ತಿದ್ದಾನೆ ಎಂದು ದಿನವೂ ಅನ್ನಿಸುತ್ತದೆ ಎಂದರು. ನಾನು ಅಳತೆಯ ಟೇಪು ಕೊರಳಲ್ಲೇ ಬಿಟ್ಟುಕೊಂಡು ಅವರನ್ನು ಪಕ್ಕದ ಮನೆಗೆ ಕರೆದೊಯ್ದೆ.

ಜಯಶೀಲರ ಒಳ್ಳೆಯ ಕಾಲ ಅಲ್ಲಿಂದ ಶುರುವಾಯಿತು. ಆಚೆಯಿಂದ ಬಂದವರೆಲ್ಲ ಸುದ್ದಿ ತರುವರು. ಮೊನ್ನೆಯದು ಬಹಳ ಚೆನ್ನಾಗಿತ್ತು, ನಿನ್ನೆ ನಡುವೆ ನಿಲ್ಲಿಸಿದಿರಲ್ಲ ಯಾಕೆ, ಹೀಗೆ. ಹಣ್ಣಿನ ಬುಟ್ಟಿಗಳು ಬರುವವು. ಅವರು ಗಡ್ಡ ನೀಟಾಗಿ ಬೋಳಿಸಿಕೊಂಡು, ಹೋಟೆಲಿನ ಕಾಲದ ಕೋಟು ಹಾಕಿಕೊಂಡು ಪಾವಟಿಗೆಗೆ ಹೋಗತೊಡಗಿದರು. ಕಾಣದ ಜನರಿಗಾಗಿ ಕೋಟು ಯಾಕೆ ಎಂದು ನಾವು ಕೇಳಲಿಲ್ಲ. ವರ್ಷಗಳು ಹೀಗೆ ಹೋದವು.

ಹಂಪಣ್ಣನವರು ಒತ್ತಾಯ ಮಾಡಿ ಒಂದು ಸಲ ಅವರನ್ನು ತಮ್ಮೂರಿಗೆ ಕರೆಸಿಕೊಂಡರು. ಶಾಲೆಯ ಹಾಲಿನಲ್ಲಿ ಕಾರ್ಯಕ್ರಮ. ಲಿಡಿಯಮ್ಮನಿಗೆ ಆ ವಾರ ಆಸ್ಪತ್ರೆಯಲ್ಲಿ ಪಾಳಿ ಇದ್ದದ್ದರಿಂದ ಹೋಗಲಾಗಲಿಲ್ಲ. ಜಯಶೀಲರು ಮಧ್ಯಾಹ್ನ ಮೂರಕ್ಕೆ ಶುರು ಮಾಡಿದರು. ಹಾಲು ಕಿಕ್ಕಿರಿದಿತ್ತು. ಜನ ಮರ್ಯಾದೆಯಿಂದ ಕೇಳಿದರು. ಆದರೆ ನೀರಿನ ಮೇಲೆ ಹಾದುಬಂದ ನಾದ ಕೇಳಿದ ಕಿವಿಗಳಿಗೆ ಎದುರಿನ ಹಿತ್ತಾಳೆಯ ಅಬ್ಬರ, ಕೆಂಪಗಾದ ಕೆನ್ನೆ, ಆಗಾಗ ಕೊಳವೆ ಬಗ್ಗಿಸಿ ಎಂಜಲನೀರು ಚೆಲ್ಲುವುದು ಯಾವುದೂ ಒಗ್ಗಲಿಲ್ಲವೆಂದು ಕಾಣುತ್ತದೆ. ಬಿಸಿಲು ಇಳಿಯುತ್ತಿದ್ದ ಹಾಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಆಮೇಲೆ ಇಬ್ಬರು. ಹೆಂಗಸರು ಮಕ್ಕಳ ಕೈಹಿಡಿದು ಸದ್ದಾಗದಂತೆ ಎದ್ದರು. ಬೇಸರಕ್ಕಲ್ಲ, ರೂಢಿಗೆ. ಸಂಜೆಯ ಹೊತ್ತಾಯಿತು, ಹೊಳೆದಂಡೆಗೆ ಹೋಗಿ ಟ್ರಾಂಬೋನ್ ಕೇಳಬೇಕು. ನುಡಿಸುವವನು ಇಲ್ಲೇ ಇದ್ದಾನೆ ಎಂಬುದು ಅವರ ಕಾಲುಗಳಿಗೆ ತಿಳಿಯಲಿಲ್ಲ. ಕೊನೆಗೆ ಹಂಪಣ್ಣನವರೊಬ್ಬರೇ ಮುಂದಿನ ಕುರ್ಚಿಯಲ್ಲಿ ತಲೆತಗ್ಗಿಸಿ ಉಳಿದರು.

ಇದನ್ನು ಜಯಶೀಲರು ನನಗೆ ಹೇಳಿದಾಗ ನಗುತ್ತಲೇ ಹೇಳಿದರು. ಹೆಂಡತಿಗೆ ಮಾತ್ರ ಚೆನ್ನಾಗಿ ಆಯಿತು ಎಂದಷ್ಟೇ ಹೇಳಿದ್ದರು.

ಆದರೆ ಲಿಡಿಯಮ್ಮನಿಗೆ ಒಂದು ಆಸೆ ಬೆಳೆಯುತ್ತಿತ್ತು. ಹೆರಿಗೆಗೆಂದು ಆಚೆ ದಡದಿಂದ ಬಂದ ಹುಡುಗಿಯೊಬ್ಬಳು, ಅಮ್ಮಾ ನೀವು ಅವರ ಹೆಂಡತಿಯಾ, ಅದನ್ನು ಹತ್ತಿರದಿಂದ ಕೇಳುವ ಪುಣ್ಯ ನಿಮ್ಮದು ಎಂದಳಂತೆ. ಸುತ್ತ ಇದ್ದ ಆಯಾಗಳು ನಕ್ಕರು. ಮದುವೆಯಾಗಿ ಇಷ್ಟು ಕಾಲವಾದರೂ ಗಂಡ ತನ್ನ ಸರದಿ ನುಡಿಸುವುದನ್ನು ಅಡಿಗೆಮನೆಯ ಬಾಗಿಲಿನ ಸಂದಿಯಿಂದ ಕೇಳಿದ್ದಷ್ಟೇ ಎಂದು ಲಿಡಿಯಮ್ಮ ರುಕ್ಮಾಬಾಯಿಯ ಮುಂದೆ ಹೇಳಿಕೊಂಡರು. ಕೇಳಿದರೆ ಅವರು ನುಡಿಸುವುದಿಲ್ಲ, ನಾನು ಆಚೆ ಹೋಗಿ ಕೇಳುತ್ತೇನೆಂದು ಹೇಳಿದರೆ, ನಾನು ಕೇಳುತ್ತಿದ್ದೇನೆಂಬ ನೆನಪಿನಲ್ಲೇ ಬಿಗಿಯಾಗುತ್ತಾರೆ. ಹೇಳದೆ ಹೋಗಿ ಬರುತ್ತೇನೆ ಎಂದರು. ದೂರದ ಹಳ್ಳಿಯಲ್ಲಿ ಒಂದು ಹೆರಿಗೆ ಇದೆ, ಕೆಲವು ದಿನ ಬರುವುದಿಲ್ಲ ಎಂದು ಗಂಡನಿಗೆ ಹೇಳಿ ಬಸ್ಸು ಹತ್ತಿದರು. ನಿಜ ಗೊತ್ತಿದ್ದದ್ದು ರುಕ್ಮಾಬಾಯಿಗೆ ಮಾತ್ರ, ಅವಳು ನನಗೂ ಹೇಳಲಿಲ್ಲ.

ಆ ಸಂಜೆ ಜಯಶೀಲರು ಎಂದಿನಂತೆ ಕೋಟು ಹಾಕಿಕೊಂಡು ಪಾವಟಿಗೆಗೆ ಹೋದರು. ಗಾಳಿ ಎದ್ದಿತು. ವಾದ್ಯ ತುಟಿಗೆ ಹಿಡಿದರು. ಎರಡು ಮೆಟ್ಟಿಲು ಕೆಳಗೆ ಯಾರೂ ಇರಲಿಲ್ಲ. ಒಂದು ಹಾಡು ಶುರು ಮಾಡಿದರು. ಸ್ವಲ್ಪ ದೂರ ಹೋಗಿ ತಾನು ಎಲ್ಲಿದ್ದೇನೆಂಬುದೇ ಗೊತ್ತಾಗದೆ ನಿಂತರು. ಮತ್ತೆ ಶುರು ಮಾಡಿದರು, ಮತ್ತೆ ನಿಂತರು. ಆಗ ಅವರಿಗೆ ಹೊಳೆಯಿತಂತೆ, ಇಷ್ಟು ವರ್ಷ ತಾನು ಮನಸ್ಸಿನಲ್ಲಿ ಕೇಳಿಕೊಂಡು ನುಡಿಸುತ್ತಿದ್ದದ್ದಲ್ಲ, ಅವಳ ಮುಖ ನೋಡಿಕೊಂಡು ನುಡಿಸುತ್ತಿದ್ದದ್ದು ಎಂದು. ಸ್ವರ ಮೇಲೇರಿದಾಗ ಅವಳ ಗದ್ದ ಏರುತ್ತಿತ್ತು. ತಾಳ ತಪ್ಪಿದರೆ ಅವಳ ಹುಬ್ಬು ಕೂಡುತ್ತಿತ್ತು. ಕೆನ್ನೆಯನ್ನು, ಕೈಯನ್ನು, ಎದೆಯ ಏರಿಳಿತವನ್ನು ನೋಡಿಯೇ ಆಕೆ ಇಡೀ ಹಾಡನ್ನು ಓದಿಕೊಳ್ಳುತ್ತಿದ್ದಳು. ಅದು ಅವಳ ಮುಖದ ಮೇಲೆ ಬರುತ್ತಿತ್ತು. ಅದನ್ನು ನೋಡಿ ಇವರು ಮುಂದಿನದನ್ನು ನುಡಿಸುತ್ತಿದ್ದರು. ಕಿವಿಯಿಲ್ಲದವಳು ಎಂದುಕೊಂಡವಳೇ ಇವರ ಕಿವಿಯಾಗಿದ್ದಳು. ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಬಂದರು. ಆಕೆ ಬರುವವರೆಗೂ ಮತ್ತೆ ಅದನ್ನು ಮುಟ್ಟಲಿಲ್ಲ. ಹಗಲೆಲ್ಲ ನನ್ನ ಅಂಗಡಿಯಲ್ಲಿ ಕೂತು, ಈ ಸಂಗತಿಯನ್ನು ಯಾರಿಗೂ ಹೇಳಬೇಡಿ ಎಂಬ ಮಾತಿನೊಂದಿಗೆ ನನಗೊಬ್ಬನಿಗೇ ಹೇಳಿದರು.

ಲಿಡಿಯಮ್ಮ ಆಚೆ ದಡದಲ್ಲಿ ಬಸ್ಸಿಳಿಯುವಾಗ ಆ ದಿನದ ಗಾಳಿ ನಿಂತುಹೋಗಿತ್ತು. ಮರುದಿನದಿಂದ ದಿನವೂ ಸಂಜೆ ಜನರ ನಡುವೆ ಹೋಗಿ ಕೂತರು. ತಾನು ಯಾರೆಂದು ಯಾರಿಗೂ ಹೇಳಲಿಲ್ಲ. ನಮ್ಮೂರಿನ ಕೊಡಗಳ ಸದ್ದು, ಕೆಮ್ಮು, ಕೂಸುಗಳ ಅಳು, ಗಂಟೆ ಎಲ್ಲ ತೇಲಿ ಬಂದವು. ಟ್ರಾಂಬೋನ್ ಬರಲಿಲ್ಲ. ಮೊದಲ ದಿನ ಜನ, ಮಾಸ್ತರಿಗೆ ಹುಷಾರಿಲ್ಲವೇನೋ ಎಂದರು. ಆಮೇಲೆ ಒಬ್ಬೊಬ್ಬರೇ ಎದ್ದುಹೋದರು. ದೀಪದ ಹೊತ್ತಿನವರೆಗೆ ಕೂತವರು ಇವರೊಬ್ಬರೇ. ರಜೆ ಮುಗಿಯುವವರೆಗೂ ಕಾದು ವಾಪಸು ಬಂದರು.

ಬಂದ ದಿನ ಊಟಕ್ಕೆ ಬಡಿಸುತ್ತ ಗಂಡನನ್ನು, ನಾನಿಲ್ಲದಾಗ ಹೊಳೆಗೆ ಹೋಗಿದ್ದಿರಾ ಎಂದು ಕೇಳಿದರು. ಹೂಂ, ಎಂದಿನಂತೆ ನುಡಿಸಿದೆ ಎಂದರು ಜಯಶೀಲರು. ನೀನಿಲ್ಲದೆ ನುಡಿಸಲು ಬರಲಿಲ್ಲ ಎನ್ನುವ ಮಾತು ನಾಲಗೆಯ ತುದಿವರೆಗೆ ಬಂದಿತ್ತಂತೆ. ಆದರೆ ಅದನ್ನು ಹೇಳಬೇಕಾದರೆ ಅದರ ಹಿಂದಿನದನ್ನೂ, ಅಡಿಗೆಮನೆಯ ಬಾಗಿಲಿನಿಂದ ಶುರುವಾದ ಎಲ್ಲವನ್ನೂ ಹೇಳಬೇಕಿತ್ತು. ಇನ್ನೊಂದು ದಿನ ಹೇಳಿದರಾಯಿತು ಅಂದುಕೊಂಡರು.

ಲಿಡಿಯಮ್ಮ ಆ ಸುಳ್ಳನ್ನು ಸುಮ್ಮನೆ ಕೇಳಿಕೊಂಡರು. ರುಕ್ಮಾಬಾಯಿಯ ಹತ್ತಿರ ಬಂದು, ನಾನು ದಿನಾ ಎದುರಿಗೆ ಕೂತು ನೋಡೋದು ಅವರಿಗೆ ಭಾರವಾಗಿದೆ ಕಣೆ, ನಾನು ಆಚೆ ಹೋಗಿದ್ದೇ ತಡ ಹಾಯಾಗಿ ರಜೆ ತಗೊಂಡಿದ್ದಾರೆ, ನನಗೆ ನೋವಾಗಬಾರದು ಅಂತ ನುಡಿಸಿದೆ ಅಂತಿದ್ದಾರೆ ಎಂದರು. ಇದನ್ನು ಯಾರಿಗೂ ಹೇಳಬೇಡ ಎಂದು ಅವರೂ ಮಾತು ತೆಗೆದುಕೊಂಡರು. ಮರುದಿನದಿಂದ ಪಾವಟಿಗೆಗೆ ಹೋಗುವುದನ್ನು ಬಿಟ್ಟರು. ಮಂಡಿ ನೋವು, ಮೆಟ್ಟಿಲು ಇಳಿಯಲಾಗದು ಎಂದು ಕಾರಣ ಕೊಟ್ಟರು.

ಜಯಶೀಲರು ಬಾ ಎನ್ನಲಿಲ್ಲ. ಒಬ್ಬರೇ ಹೋಗಿ ನಿಂತು, ಖಾಲಿ ಮೆಟ್ಟಿಲ ಮೇಲೆ ಆ ಮುಖವನ್ನು ಕಲ್ಪಿಸಿಕೊಂಡು ನುಡಿಸಿದರು. ಈಚೆಗೆ ಹಾಡಿನ ನಡಿಗೆ ತಪ್ಪಿದೆ, ವಯಸ್ಸಾಯಿತೇನೋ ಎಂದು ಹಂಪಣ್ಣನವರು ಸಂಕೋಚದಿಂದ ಹೇಳಿದರು. ಹಣ್ಣಿನ ಬುಟ್ಟಿಗಳು ಕಡಿಮೆಯಾದವು. ಆಮೇಲೆ ಅವರು ದಿನ ಬಿಟ್ಟು ದಿನ ಹೋದರು, ಆಮೇಲೆ ಮನಸ್ಸು ಬಂದಾಗ. ಮುಂದಿನ ಹಲ್ಲುಗಳು ಅಲ್ಲಾಡಿ, ಕೀಳಿಸಿ, ಕಟ್ಟಿಸಿಕೊಂಡ ಮೇಲೆ ತುಟಿಗೆ ಹಿಡಿತವೇ ಉಳಿಯಲಿಲ್ಲ. ವಾದ್ಯದ ಪೆಟ್ಟಿಗೆ ಮಂಚದ ಕೆಳಗೆ ಸೇರಿತು. ಆಚೆ ದಡದವರು ಸಂಜೆಹೊತ್ತು ಏನು ಮಾಡುತ್ತಿದ್ದರೋ ನಮಗೆ ತಿಳಿಯಲಿಲ್ಲ.

ಒಂದೇ ಸೂರಿನ ಕೆಳಗೆ ಅರ್ಧ ಕಥೆ ನನ್ನ ಹೊಟ್ಟೆಯಲ್ಲಿ, ಇನ್ನರ್ಧ ರುಕ್ಮಾಬಾಯಿಯ ಹೊಟ್ಟೆಯಲ್ಲಿ ಇಟ್ಟುಕೊಂಡು ನಾವಿಬ್ಬರೂ ಎಷ್ಟು ಊಟ ಮಾಡಿದೆವೋ. ಲಿಡಿಯಮ್ಮ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದ ವರ್ಷ, ಅವರಿಗೆಂದು ಗಂಜಿ ಕಾಯಿಸುತ್ತ ರುಕ್ಮಾಬಾಯಿ ತನ್ನಷ್ಟಕ್ಕೆ, ಪಾಪ, ಅಷ್ಟು ದೂರ ಹೋಗಿ ಕಾದು ಕೂತರೂ ಕೇಳುವ ಯೋಗ ಬರಲಿಲ್ಲ ಎಂದು ಗೊಣಗಿದಳು. ಎಲ್ಲಿಗೆ ಹೋಗಿದ್ದರು ಎಂದು ಕೇಳಿದೆ. ಹೇಳಿದಳು. ನಾನು ಕತ್ತರಿ ಕೆಳಗಿಟ್ಟು ನನ್ನ ಅರ್ಧವನ್ನು ಹೇಳಿದೆ. ಗಂಜಿ ತಳಹತ್ತಿದ ವಾಸನೆ ಬಂದಾಗಲೇ ಇಬ್ಬರಿಗೂ ಎಚ್ಚರವಾದದ್ದು. ಕೊಟ್ಟ ಮಾತು ಇನ್ನು ಸಾಕು ಎಂದು ಅವಳೇ ಹೋಗಿ ಜಯಶೀಲರನ್ನು ಅಂಗಡಿಗೆ ಕರೆದು ತಂದು ಎಲ್ಲ ಹೇಳಿದಳು.

ಅವರು ಸ್ಟೂಲಿನ ಮೇಲೆ ಕೂತು ಕೇಳಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಅಲ್ಲಿ ಜನರ ಮಧ್ಯೆ ಅವಳಿಗೆ ಕೂರೋಕೆ ಜಾಗ ಸಿಕ್ಕಿತ್ತಂತಾ?"

ಸಿಕ್ಕಿತ್ತಂತೆ, ಯಾರೋ ಸರಿದು ಜಾಗ ಕೊಟ್ಟರಂತೆ ಎಂದಳು ರುಕ್ಮಾಬಾಯಿ. ಅವರು ತಲೆಯಾಡಿಸಿ ಎದ್ದುಹೋದರು.

ಮಾರನೆಯ ಬೆಳಗ್ಗೆ ಗಂಜಿ ಕೊಡಲು ನಾವಿಬ್ಬರೂ ಹೋದಾಗ ಜಯಶೀಲರು ವಾದ್ಯದ ಪೆಟ್ಟಿಗೆಯನ್ನು ಹೊರಗೆ ಎಳೆದು ಕೊಳವೆಗೆ ಎಣ್ಣೆ ಹಚ್ಚುತ್ತಿದ್ದರು. ಲಿಡಿಯಮ್ಮ ದಿಂಬಿಗೆ ಒರಗಿ ಕೂತು ನೋಡುತ್ತಿದ್ದರು. ನಾವು ಹೊರಡಲು ನೋಡಿದೆವು. ಇರಿ, ಕೂತ್ಕೊಳ್ಳಿ ಎಂದು ಆಕೆಯೇ ಸನ್ನೆ ಮಾಡಿದರು.

"ನೀನು ಆಚೆ ಹೋಗಿದ್ದಾಗ ನಾನು ನುಡಿಸಲಿಲ್ಲ," ಎಂದರು ಜಯಶೀಲರು, ಕೆಲಸದಿಂದ ತಲೆಯೆತ್ತದೆ. "ನುಡಿಸಿದೆ ಅಂತ ಸುಳ್ಳು ಹೇಳಿದ್ದೆ. ನೀನು ಎದುರಿಗಿಲ್ಲದೆ ನನಗೆ ನುಡಿಸೋಕೆ ಬರಲಿಲ್ಲ."

ಲಿಡಿಯಮ್ಮ ಹೊದಿಕೆಯ ಅಂಚನ್ನು ಮಡಿಸಿದರು, ಬಿಚ್ಚಿದರು. ರುಕ್ಮಾಬಾಯಿಯ ಕಡೆಗೊಮ್ಮೆ ನೋಡಿದರು.

"ಅದನ್ನ ಆಗಲೇ ಹೇಳಬಹುದಾಗಿತ್ತಲ್ಲ."

"ಹೇಳಬಹುದಾಗಿತ್ತು."

"ನಾನೂ ಕೇಳಬಹುದಾಗಿತ್ತು," ಎಂದರು ಆಕೆ. ವಾದ್ಯದ ಕಡೆಗೆ ಕೈತೋರಿಸಿ, "ಈಗ ನುಡಿಸಿ," ಎಂದರು.

ಜಯಶೀಲರು ಎದ್ದುನಿಂತು ಮೌತ್‌ಪೀಸನ್ನು ತುಟಿಗೆ ಇಟ್ಟುಕೊಂಡರು. ಕಿಟಕಿಯಲ್ಲಿ ಬೆಳಗಿನ ಬಿಸಿಲಿತ್ತು, ಗಾಳಿಯ ಹೊತ್ತಿಗೆ ಇನ್ನೂ ಇಡೀ ಹಗಲು ಬಾಕಿಯಿತ್ತು. ಆ ಮನುಷ್ಯ ತನ್ನದೇ ರೀತಿಯಲ್ಲಿ ಹಾಡು ನುಡಿಸುವುದನ್ನು ನಾನೂ ಕೇಳಿದ್ದು ಅದೇ ಮೊದಲು. ಮೊದಲಿಗೆ ಬರೀ ಉಸಿರು ಬಂತು. ಆಮೇಲೆ ಒಡಕು ಸ್ವರ. ಕಟ್ಟಿಸಿದ ಹಲ್ಲು ಒಳಗೆ ಅಲ್ಲಾಡುವುದು ಕಾಣುತ್ತಿತ್ತು. ಕೈ ಮಾತ್ರ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು, ಅಲ್ಲಿ ಸ್ವರ ಇರುತ್ತಿರಲಿಲ್ಲ. ಒಂದು ಹಾಡಿನ ಆಕಾರ ಅಲ್ಲೆಲ್ಲೋ ಇದೆ ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಮುಕ್ಕಾಲು ಹರಿದ ಬಟ್ಟೆ ನೋಡಿ ಇದು ಯಾವಾಗಲೋ ಕೋಟಾಗಿತ್ತು ಎಂದು ನಾನು ಗುರುತಿಸುವ ಹಾಗೆ. ರುಕ್ಮಾಬಾಯಿ ನೆಲ ನೋಡುತ್ತ ಕೂತಳು. ಲಿಡಿಯಮ್ಮ ಮಾತ್ರ ಕಣ್ಣು ಮುಚ್ಚಿಕೊಂಡು, ಕಿವಿಗೊಟ್ಟು, ಕೊನೆಯವರೆಗೂ ಕೇಳಿದರು.

ನುಡಿಸುವುದು ನಿಂತಮೇಲೆ ಕಣ್ಣು ತೆರೆದರು.

"ಇದೇನಾ ಅವರೆಲ್ಲ ಅಷ್ಟು ವರ್ಷ ಕೇಳ್ತಾ ಇದ್ದದ್ದು?"

ಜಯಶೀಲರು ಹೆಂಡತಿಯ ಮುಖವನ್ನೇ ನೋಡಿದರು. ಏನು ಬೇಕಾದರೂ ಹೇಳಬಹುದಿತ್ತು. ಬಂದರಿನ ಊರಿನಲ್ಲಿ ಚಮಚ ಕೆಳಗಿಟ್ಟವರ ಬಗ್ಗೆ, ನೊರೋನ್ಹಾನ ಬಗ್ಗೆ, ಕಿಟಕಿಗೆ ಎಳೆದ ಮಂಚಗಳ ಬಗ್ಗೆ ಹೇಳಬಹುದಿತ್ತು. ಹಲ್ಲು ಹೋಯಿತು ಕಣೆ, ಅದು ಇದಲ್ಲ ಎನ್ನಬಹುದಿತ್ತು. ಅವರ ಇಡೀ ಜೀವನದಲ್ಲಿ ಅವರದು ಎನ್ನುವಂಥದ್ದು ಆ ಸಂಗೀತವೊಂದೇ ಇತ್ತು.

"ಹೌದು, ಇದೇ," ಎಂದರು.

"ಹೀಗೇ ಇತ್ತಾ?"

"ಹೀಗೇ. ಗಾಳಿ ಒಂದಿಷ್ಟು ಚೆಂದ ಮಾಡಿ ಕೊಡ್ತಿತ್ತೋ ಏನೋ."

ಲಿಡಿಯಮ್ಮನ ಮುಖದಲ್ಲಿ ಎಷ್ಟೋ ದಿನದಿಂದ ಬಿಗಿದಿದ್ದದ್ದೇನೋ ಸಡಿಲವಾಯಿತು. ಮೆಲ್ಲಗೆ ನಕ್ಕರು. ನಗುವಿಗೆ ಉಸಿರು ಸಾಲದೆ ಕೆಮ್ಮು ಬಂತು, ರುಕ್ಮಾಬಾಯಿ ನೀರು ಕುಡಿಸಿದಳು.

"ಹಾಗಾದ್ರೆ ನಾನು ಕಳಕೊಂಡಿದ್ದೇನೂ ಇಲ್ಲ," ಎಂದರು.

"ಏನೂ ಇಲ್ಲ," ಎಂದರು ಜಯಶೀಲರು.

ಆಕೆ ದಿಂಬು ಸರಿಮಾಡಿಕೊಂಡು, ಇದ್ದದ್ದನ್ನು ಇದ್ದಹಾಗೆ ಹೇಳುವ ಅದೇ ದನಿಯಲ್ಲಿ, ಅಷ್ಟೇನೂ ಚೆನ್ನಾಗಿಲ್ಲ, ಆದರೂ ನಾಳೆಯೂ ನುಡಿಸಿ ಎಂದರು.

ಮರುದಿನವೂ ನುಡಿಸಿದರು. ಅದರ ಮರುದಿನವೂ. ಬೆಳಗ್ಗೆ ಬೆಳಗ್ಗೆ ಆ ಒಡಕು ಸ್ವರ ನಮ್ಮ ಬೀದಿಗೆಲ್ಲ ಕೇಳಿಸುತ್ತಿತ್ತು. ಹಾದುಹೋಗುವವರು ಯಾರಪ್ಪ ಇದು ಎಂದು ಮುಖ ಕಿವುಚುತ್ತಿದ್ದರು. ಇದೇನಾ ಮಾಸ್ತರ ಪ್ರಸಿದ್ಧ ಸಂಗೀತ ಎಂದು ನನ್ನ ಗಿರಾಕಿಗಳೂ ಕೇಳಿದರು. ಹೌದು ಎಂದೇ ನಾನೂ ಹೇಳಿದೆ. ಮಳೆ ಹಿಡಿಯುವ ಮುಂಚೆ ಲಿಡಿಯಮ್ಮ ತೀರಿಕೊಂಡರು. ಆಮೇಲೆ ನಮ್ಮ ಗೋಡೆಯ ಆಚೆಯಿಂದ ಸದ್ದು ಬರಲಿಲ್ಲ, ಜಯಶೀಲರು ಮಧ್ಯಾಹ್ನವೆಲ್ಲ ನನ್ನ ಅಂಗಡಿಯಲ್ಲಿ ಕೂತು ಹೊಲಿಗೆ ಯಂತ್ರ ಓಡುವುದನ್ನು ನೋಡುತ್ತಿರುತ್ತಿದ್ದರು.